ಪಾಲು ಬರೆದಿದೆ, ಪಡೆಯುವ ಬಲವಿಲ್ಲ

ತಂದೆ ತೀರಿಕೊಂಡು ನಲ್ವತ್ತು ದಿನಗಳಾಗಿವೆ. ಮದುವೆಯಾಗಿ ಬೇರೆ ಬೇರೆ ಊರು ಸೇರಿದ ಹೆಣ್ಣುಮಕ್ಕಳು ಮತ್ತೊಮ್ಮೆ ತವರಿಗೆ ಬಂದಿದ್ದಾರೆ. (ನಲ್ವತ್ತರ ಊಟಕ್ಕೆ ಶರೀಅತ್‌ನಲ್ಲಿ ಆಧಾರವೇನಿದೆ ಎಂಬುದು ಬೇರೆಯೇ ಮಾತು, ಅದನ್ನು ಇನ್ನೊಮ್ಮೆ ಆಡೋಣ.) ಊಟ ಮುಗಿದು, ನೆಂಟರಿಷ್ಟರು ಹೊರಟ ಮೇಲೆ ದೊಡ್ಡಣ್ಣ ಮೆಲುದನಿಯಲ್ಲಿ ಹೇಳುತ್ತಾನೆ: “ಖಾತೆ ಬದಲಾವಣೆ ಆಗಬೇಕಿದೆ. ನಾಳೆ ಬೆಳಿಗ್ಗೆ ನೋಂದಣಿ ಕಚೇರಿಗೆ ಒಮ್ಮೆ ಬಂದು ಹೋಗಿ. ಒಂದು ಸಹಿ, ಅಷ್ಟೆ.” ಮರುದಿನ ಮೂವರು ಅಕ್ಕತಂಗಿಯರು ಬುರ್ಖಾ ಧರಿಸಿ ಕಾರು ಹತ್ತುತ್ತಾರೆ, ಬೆಂಚಿನ ಮೇಲೆ ಎರಡು ತಾಸು ಕಾಯುತ್ತಾರೆ, ತೋರಿಸಿದಲ್ಲಿ ಸಹಿ ಮಾಡುತ್ತಾರೆ, ಹೆಬ್ಬೆಟ್ಟು ಒತ್ತುತ್ತಾರೆ. ಆ ಕಾಗದದ ಹೆಸರು ‘ಹಕ್ಕು ಬಿಡುಗಡೆ ಪತ್ರ’. ಅಣ್ಣ ಎಲ್ಲರಿಗೂ ಹೋಟೆಲಿನಲ್ಲಿ ಬಿರಿಯಾನಿ ಕೊಡಿಸಿ, ಮಕ್ಕಳ ಕೈಗೆ ಐನೂರರ ನೋಟುಗಳನ್ನಿಟ್ಟು, ಬಸ್ಸು ಹತ್ತಿಸಿ ಕಳುಹಿಸುತ್ತಾನೆ.

ಇಲ್ಲಿ ಯಾರೂ ಯಾರನ್ನೂ ಹೊಡೆದಿಲ್ಲ, ಬೆದರಿಸಿಲ್ಲ. ಕಾನೂನಿನ ದೃಷ್ಟಿಯಲ್ಲಿ ಎಲ್ಲವೂ ಸ್ವಇಚ್ಛೆಯಿಂದ ನಡೆದಿದೆ. ಪತ್ರದಲ್ಲಿಯೂ ಹಾಗೆಯೇ ಬರೆದಿರುತ್ತದೆ: ಯಾರ ಒತ್ತಾಯವೂ ಇಲ್ಲದೆ, ಪೂರ್ಣ ಮನಸ್ಸಿನಿಂದ. ಸರ್ವಶಕ್ತನಾದ ಅಲ್ಲಾಹನು ತನ್ನ ಗ್ರಂಥದಲ್ಲಿ ಅಂಕಿಗಳ ಸಮೇತ ನಿಗದಿಪಡಿಸಿದ, ದೇಶದ ಕಾನೂನೂ ಮಾನ್ಯ ಮಾಡಿದ ಒಂದು ಹಕ್ಕು ಹೀಗೆ ಒಂದೇ ಬೆಳಗಿನಲ್ಲಿ ಇಲ್ಲವಾಗುತ್ತದೆ. ಹಕ್ಕು ಇತ್ತು; ಅದನ್ನು ಕೇಳುವ, ಹಿಡಿದು ನಿಲ್ಲುವ ಬಲ ಮಾತ್ರ ಆ ಮೂವರಲ್ಲಿ ಯಾರಿಗೂ ಇರಲಿಲ್ಲ.

ಕನ್ನಡದ ‘ಹಕ್ಕು’ ಎಂಬ ಪದವು ಅರಬಿಯ ‘ಹಕ್ಕ್’ ಎಂಬುದರಿಂದ ಬಂದಿದೆ. ಅರಬಿಯಲ್ಲಿ ಅದಕ್ಕೆ ಸತ್ಯ ಎಂಬ ಅರ್ಥವೂ ಇದೆ. ಅಲ್ಲಾಹನ ನಾಮಗಳಲ್ಲೊಂದೂ ಹೌದು. ಒಬ್ಬನಿಗೆ ಸಲ್ಲಬೇಕಾದದ್ದು ಮತ್ತು ಇನ್ನೊಬ್ಬನು ಸಲ್ಲಿಸಬೇಕಾದದ್ದು, ಎರಡನ್ನೂ ಅದೇ ಪದ ಸೂಚಿಸುತ್ತದೆ. ‘ಅಧಿಕಾರ’ ಎಂಬ ಸಂಸ್ಕೃತ ಪದದ ಕಥೆ ಇನ್ನೂ ಸ್ವಾರಸ್ಯಕರವಾದುದು. ಹಿಂದಿಯಲ್ಲಿ ಅಧಿಕಾರವೆಂದರೆ ಹಕ್ಕು. ಸಂವಿಧಾನದ ಮೂಲಭೂತ ಹಕ್ಕುಗಳು ಅಲ್ಲಿ ‘ಮೌಲಿಕ ಅಧಿಕಾರ’ಗಳು. ಅದೇ ಪದ ಕನ್ನಡಕ್ಕೆ ಬಂದಾಗ ಕುರ್ಚಿಯ ಮೇಲೆ ಕುಳಿತು ಆಜ್ಞೆ ಮಾಡುವ ಶಕ್ತಿಯಾಗಿಬಿಟ್ಟಿದೆ. ಹಿಂದಿಯವರು ಹಕ್ಕಿದ್ದರೆ ಅಧಿಕಾರವೂ ಬಂತೆಂದು ನಂಬಿದರೋ ಏನೋ, ಕನ್ನಡಿಗರು ಎರಡನ್ನೂ ಬೇರೆಯಾಗಿಯೇ ಇಟ್ಟುಕೊಂಡರು. ಅನುಭವ ಕನ್ನಡಿಗರ ಕಡೆಗಿದೆ.

ಈ ವ್ಯತ್ಯಾಸವನ್ನು ಮಕ್ಕಾದ ಜನರು ಪ್ರವಾದಿತ್ವಕ್ಕಿಂತ ಮುಂಚೆಯೇ ಕಣ್ಣಾರೆ ಕಂಡಿದ್ದರು. ಯಮನಿನ ಝುಬೈದ್ ಗೋತ್ರದ ವ್ಯಾಪಾರಿಯೊಬ್ಬನು ತನ್ನ ಸರಕನ್ನು ಕುರೈಶರ ಪ್ರಮುಖನಾದ ಆಸ್ ಬಿನ್ ವಾಯಿಲ್‌ನಿಗೆ ಮಾರಿದ. ಆಸ್ ಸರಕನ್ನು ಪಡೆದು ಹಣ ಕೊಡಲಿಲ್ಲ. ವ್ಯಾಪಾರಿಯ ಹಕ್ಕಿನ ಬಗ್ಗೆ ಮಕ್ಕಾದಲ್ಲಿ ಯಾರಿಗೂ ಸಂಶಯವಿರಲಿಲ್ಲ. ಮಾರಿದವನಿಗೆ ಬೆಲೆ ಸಲ್ಲಬೇಕೆಂಬುದು ಆ ವ್ಯಾಪಾರಿ ನಗರದಲ್ಲಿ ಮಗುವಿಗೂ ತಿಳಿದಿದ್ದ ಮಾತು. ಆದರೆ ಆತನಿಗೆ ಅಲ್ಲಿ ಗೋತ್ರದ ಬೆಂಬಲವಿರಲಿಲ್ಲ. ಆಸ್‌ನ ಮಿತ್ರ ಗೋತ್ರಗಳ ಮನೆಬಾಗಿಲು ತಟ್ಟಿದ, ಅವರು ಗದರಿಸಿ ಕಳುಹಿಸಿದರು. ಕೊನೆಗೆ ಆತ ಅಬೂ ಕುಬೈಸ್ ಬೆಟ್ಟವನ್ನೇರಿ, ಕುರೈಶರು ಕಅಬಾದ ಸುತ್ತ ಕುಳಿತಿದ್ದ ವೇಳೆಯಲ್ಲಿ ತನಗಾದ ಅನ್ಯಾಯವನ್ನು ಕೂಗಿ ಹೇಳಿದ. ಆಗ ಕೆಲವರು ಎದ್ದು ನಿಂತರು. ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಸೇರಿ, ಮಕ್ಕಾದಲ್ಲಿ ಯಾರಿಗೆ ಅನ್ಯಾಯವಾದರೂ, ಆತ ಊರಿನವನಾಗಲಿ ಪರಊರಿನವನಾಗಲಿ, ಅವನ ಹಕ್ಕು ಅವನಿಗೆ ಮರಳುವವರೆಗೆ ತಾವೆಲ್ಲರೂ ಒಂದೇ ಕೈಯಾಗಿ ನಿಲ್ಲುವುದಾಗಿ ಪ್ರತಿಜ್ಞೆ ಮಾಡಿದರು. ನೇರವಾಗಿ ಆಸ್‌ನ ಮನೆಗೆ ನಡೆದು ವ್ಯಾಪಾರಿಯ ಸೊತ್ತನ್ನು ವಾಪಸು ಕೊಡಿಸಿದರು. ಇದೇ ‘ಹಿಲ್ಫುಲ್ ಫುಝೂಲ್’. ಸುಮಾರು ಇಪ್ಪತ್ತರ ಹರೆಯದ ಮುಹಮ್ಮದ್(ಸ)ರು ಆ ಸಭೆಯಲ್ಲಿದ್ದರು. ಪ್ರವಾದಿಯಾದ ಬಳಿಕವೂ ಅವರು ಅದನ್ನು ಅಭಿಮಾನದಿಂದ ಸ್ಮರಿಸುತ್ತಿದ್ದರು. ಇಸ್ಲಾಮಿನ ಕಾಲದಲ್ಲಿ ಅಂಥದ್ದೊಂದಕ್ಕೆ ಕರೆದರೂ ತಾವು ಹೋಗುವುದಾಗಿ ಹೇಳಿದರು.

ಆ ಒಪ್ಪಂದವು ವ್ಯಾಪಾರಿಗೆ ಹೊಸ ಹಕ್ಕನ್ನೇನೂ ಕೊಡಲಿಲ್ಲ. ಇದ್ದ ಹಕ್ಕಿನ ಬೆನ್ನಿಗೆ ಜನರನ್ನು ನಿಲ್ಲಿಸಿತು.

ಹೆಣ್ಣುಮಕ್ಕಳ ಆಸ್ತಿಯ ಪಾಲಿನ ಇತಿಹಾಸವೂ ಹೀಗೆಯೇ ಒಂದು ಮೊರೆಯಿಂದ ಆರಂಭವಾಗುತ್ತದೆ. ಉಹುದ್ ಯುದ್ಧದಲ್ಲಿ ಹುತಾತ್ಮರಾದ ಸಅದ್ ಬಿನ್ ರಬೀಅ್(ರ)ರ ಪತ್ನಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿವರ್ಯ(ಸ)ರ ಬಳಿಗೆ ಬಂದರು. ಮಕ್ಕಳ ಚಿಕ್ಕಪ್ಪ ಎಲ್ಲ ಸೊತ್ತನ್ನೂ ತನ್ನದಾಗಿಸಿಕೊಂಡಿದ್ದಾನೆ, ಏನೂ ಇಲ್ಲದ ಈ ಮಕ್ಕಳನ್ನು ಮದುವೆಯಾಗುವವರಾರು ಎಂದು ಅವರು ದುಃಖ ತೋಡಿಕೊಂಡರು. ಅಲ್ಲಾಹನೇ ಈ ವಿಷಯದಲ್ಲಿ ತೀರ್ಪು ನೀಡುವನೆಂದು ಪ್ರವಾದಿ(ಸ) ಹೇಳಿದರು. ಅನಂತರ ಅನ್ನಿಸಾ ಅಧ್ಯಾಯದ ಉತ್ತರಾಧಿಕಾರದ ಸೂಕ್ತ ಅವತೀರ್ಣವಾಯಿತು. ಪ್ರವಾದಿ(ಸ)ರು ಚಿಕ್ಕಪ್ಪನನ್ನು ಕರೆಸಿ, ಹೆಣ್ಣುಮಕ್ಕಳಿಗೆ ಮೂರನೇ ಎರಡು, ಅವರ ತಾಯಿಗೆ ಎಂಟನೇ ಒಂದು ಕೊಡಬೇಕೆಂದೂ ಉಳಿದದ್ದು ಮಾತ್ರ ಅವನದೆಂದೂ ಆಜ್ಞಾಪಿಸಿದರು. ಲೆಕ್ಕ ಮಾಡಿ ನೋಡಿ: ಇಪ್ಪತ್ತನಾಲ್ಕು ಪಾಲುಗಳಲ್ಲಿ ಹೆಣ್ಣುಮಕ್ಕಳಿಗೆ ಹದಿನಾರು, ತಾಯಿಗೆ ಮೂರು, ಚಿಕ್ಕಪ್ಪನಿಗೆ ಐದು. ಮೊದಲ ದಿನ ಇಪ್ಪತ್ತನಾಲ್ಕನ್ನೂ ನುಂಗಿದ್ದವನ ಕೈಯಲ್ಲಿ ಐದು ಉಳಿದವು. ಸೂಕ್ತವನ್ನು ಓದಿ ಕೇಳಿಸಿದಲ್ಲಿಗೆ ಪ್ರಸಂಗ ಮುಗಿಯಲಿಲ್ಲ ಎಂಬುದನ್ನು ಗಮನಿಸಬೇಕು. ಸೊತ್ತು ಯಾರ ಕೈಯಲ್ಲಿತ್ತೋ ಅವನನ್ನು ಕರೆಸಲಾಯಿತು, ಅವನಿಂದ ಕೊಡಿಸಲಾಯಿತು.

ನಾವು ಮದ್ರಸದಲ್ಲಿ ಓದುತ್ತಿದ್ದಾಗ ಫರಾಯಿಝ್ ಅಂದರೆ ಉತ್ತರಾಧಿಕಾರದ ಪಾಠಕ್ಕೆ ‘ಸಿರಾಜಿ’ ಪಠ್ಯವಾಗಿತ್ತು. ಹಲಗೆಯ ಮೇಲೆ ಉಸ್ತಾದರು ಒಬ್ಬ ಕಲ್ಪಿತ ವ್ಯಕ್ತಿಯನ್ನು ಸಾಯಿಸುತ್ತಿದ್ದರು. ನಾವು ಅವನ ಪತ್ನಿ, ತಾಯಿ, ಮಕ್ಕಳು, ಸೋದರಿಯರಿಗೆ ಪಾಲು ಹಂಚುತ್ತಿದ್ದೆವು. ಭಿನ್ನರಾಶಿಗಳು ತಪ್ಪಿದರೆ ಬೆತ್ತದ ಏಟು. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳೂ ಬಂದವು. ಆದರೆ ಆ ತರಗತಿಯಲ್ಲಿದ್ದ ನಮ್ಮಲ್ಲಿ ಎಷ್ಟು ಮಂದಿಯ ಮನೆಯಲ್ಲಿ ಅತ್ತೆಯಂದಿರಿಗೆ ಅಜ್ಜನ ಆಸ್ತಿಯ ಪಾಲು ಸಿಕ್ಕಿತ್ತು? ಆಗ ಈ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ. ಈ ಲೇಖಕನ ಮನೆಯಲ್ಲಂತೂ ಸಿಕ್ಕಿರಲಿಲ್ಲ. ವರ್ಷಗಳ ಬಳಿಕ ಅತ್ತೆಯೊಬ್ಬರಲ್ಲಿ ಕೇಳಿದಾಗ ಅವರು ನಕ್ಕು, “ನನಗೆ ತವರು ಬೇಕಿತ್ತು ಮಗಾ, ತೋಟ ಬೇಕಿರಲಿಲ್ಲ” ಎಂದರು.

ಈ ಒಂದು ವಾಕ್ಯದಲ್ಲಿ ಇಡೀ ವಿಷಯವಿದೆ. ಹೆಣ್ಣುಮಗಳು ಪಾಲನ್ನು ಬಿಟ್ಟುಕೊಡುವುದು ಹೆಚ್ಚಾಗಿ ಅಜ್ಞಾನದಿಂದಲ್ಲ. ಅವಳು ಲೆಕ್ಕ ಹಾಕಿಯೇ ಬಿಡುತ್ತಾಳೆ. ಗಂಡ ಕೈಬಿಟ್ಟರೆ, ಕಾಯಿಲೆ ಬಂದರೆ, ಮಗಳ ಮದುವೆಗೆ ಹಣ ಸಾಲದಿದ್ದರೆ ಹೋಗಿ ನಿಲ್ಲಲು ಅಣ್ಣನ ಮನೆಯೊಂದೇ ಇರುವುದು. ಪಾಲು ಕೇಳಿದ ದಿನವೇ ಆ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಅವಳು ಹತ್ತು ಲಕ್ಷದ ಹಕ್ಕನ್ನು ಕೊಟ್ಟು, ಹೆರಿಗೆಗೆ, ಹಬ್ಬಕ್ಕೆ, ಕಷ್ಟಕ್ಕೆ ಬಂದು ಇಳಿಯುವ ಒಂದು ಅನುಮತಿಯನ್ನು ಕೊಳ್ಳುತ್ತಾಳೆ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಅವರು 1994ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ದಕ್ಷಿಣ ಏಷ್ಯಾದ ಮಹಿಳೆಯರ ಭೂಹಕ್ಕನ್ನು ಚರ್ಚಿಸುತ್ತಾ ಇದೇ ವ್ಯವಹಾರವನ್ನು ವಿವರಿಸಿದ್ದಾರೆ. ಹಿಂದೂ, ಮುಸ್ಲಿಂ ಎಂಬ ಭೇದ ಇದರಲ್ಲಿ ಹೆಚ್ಚಿಲ್ಲ. ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕನ್ನು ಕೊಟ್ಟ 2005ರ ತಿದ್ದುಪಡಿಯ ನಂತರವೂ ನೋಂದಣಿ ಕಚೇರಿಗಳ ಬೆಂಚಿನ ಮೇಲೆ ನಮ್ಮ ಸೋದರಿಯರ ಪಕ್ಕದಲ್ಲಿ ಕುಳಿತು ಅದೇ ಪತ್ರಕ್ಕೆ ಸಹಿ ಮಾಡುವ ಹಿಂದೂ ಸೋದರಿಯರಿದ್ದಾರೆ. ಆದರೆ ನೆರೆಮನೆಯಲ್ಲೂ ಹೀಗೆಯೇ ಇದೆ ಎಂಬುದು ನಮಗೆ ಸಮಾಧಾನ ಕೊಡಬಾರದು. ‘ಹದಿನಾಲ್ಕು ಶತಮಾನಗಳ ಹಿಂದೆಯೇ ಹೆಣ್ಣಿಗೆ ಆಸ್ತಿಹಕ್ಕು ಕೊಟ್ಟ ಧರ್ಮ’ ಎಂದು ಪ್ರತಿ ಸೀರತ್ ಸಮಾವೇಶದಲ್ಲೂ ಹೇಳುವವರು ನಾವು ತಾನೇ?

ಇನ್ನೊಂದು ವಾದವಿದೆ. “ಮದುವೆಗೆ ಖರ್ಚು ಮಾಡಿದ್ದೇವಲ್ಲ, ಚಿನ್ನ ಹಾಕಿದ್ದೇವಲ್ಲ, ಅದೇ ಅವಳ ಪಾಲು.” ಕೇಳಲು ನ್ಯಾಯವೆಂದೇ ತೋರುತ್ತದೆ. ಆದರೆ ವರದಕ್ಷಿಣೆ ಹೋದದ್ದು ಅಳಿಯನ ಕೈಗೆ; ಮದುವೆ ಹಾಲಿನ ಬಾಡಿಗೆ ಹೋದದ್ದು ಹಾಲಿನವನ ಕೈಗೆ. ಮಹ್ರ್ ಪಡೆಯಬೇಕಾದವಳ ಮನೆಯವರು ಕೊಡುವವರಾಗಿದ್ದೇ ಒಂದು ಅನ್ಯಾಯ. ಆ ಅನ್ಯಾಯವನ್ನು ಜಮಾ ಕಡೆಗೆ ಬರೆದುಕೊಂಡು ಇನ್ನೊಂದು ಅನ್ಯಾಯದ ಸಾಲ ತೀರಿಸುವಂತಿಲ್ಲ. ಫರಾಯಿಝ್‌ನ ನಿಯಮದಲ್ಲಿ ತಂದೆ ಬದುಕಿದ್ದಾಗ ಮಗಳಿಗೆ ಕೊಟ್ಟ ಉಡುಗೊರೆಯನ್ನು ಸತ್ತ ನಂತರದ ಪಾಲಿನಿಂದ ಕಳೆಯುವ ಕ್ರಮವೂ ಇಲ್ಲ. ಗಂಡುಮಕ್ಕಳ ಓದಿಗೆ, ದುಬೈ ವೀಸಾಕ್ಕೆ, ಅಂಗಡಿಯ ಮುಂಗಡಕ್ಕೆ ಅಪ್ಪ ಕೊಟ್ಟದ್ದನ್ನು ಯಾರೂ ಕಳೆಯುವುದಿಲ್ಲವಷ್ಟೆ.

ಲೆಕ್ಕ ಕಷ್ಟವಾದುದೇನಲ್ಲ. ಒಬ್ಬನು ಪತ್ನಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳನ್ನು ಬಿಟ್ಟು ತೀರಿಕೊಂಡನೆನ್ನಿ. ದಫನ ವೆಚ್ಚ, ಸಾಲ, ವಸಿಯ್ಯತ್ ಕಳೆದ ಮೇಲೆ ಉಳಿದುದನ್ನು ಎಂಟು ಭಾಗ ಮಾಡಬೇಕು. ಪತ್ನಿಗೆ ಒಂದು, ಗಂಡುಮಕ್ಕಳಿಗೆ ಎರಡೆರಡು, ಹೆಣ್ಣುಮಕ್ಕಳಿಗೆ ಒಂದೊಂದು. ಎಂಬತ್ತು ಲಕ್ಷದ ಮನೆ-ಅಂಗಡಿಯಾದರೆ ಪ್ರತಿಯೊಬ್ಬ ಮಗಳಿಗೂ ಹತ್ತು ಲಕ್ಷ. ಇದಕ್ಕೂ ಮೊದಲು, ಪತ್ನಿಗೆ ಕೊಡದೆ ಉಳಿಸಿಕೊಂಡ ಮಹ್ರ್ ಕೂಡ ಸಾಲವೇ ಆದುದರಿಂದ, ಅದನ್ನು ತೀರಿಸಬೇಕು. ನಮ್ಮ ತಾಯಂದಿರ ಬಾಕಿ ಮಹ್ರನ್ನು ತಂದೆಯ ಸಾಲದ ಪಟ್ಟಿಯಲ್ಲಿ ಬರೆದ ಮನೆ ಎಷ್ಟಿವೆ? ಮಯ್ಯಿತ್ ಎತ್ತುವ ಮೊದಲು “ಯಾರಿಗಾದರೂ ಸಾಲ ಬಾಕಿಯಿದ್ದರೆ ಹೇಳಿ” ಎಂದು ಮಸೀದಿಯ ಅಂಗಳದಲ್ಲಿ ಘೋಷಿಸುತ್ತೇವೆ. ಅತಿ ದೊಡ್ಡ ಸಾಲಗಾರ್ತಿ ಒಳಗಿನ ಕೋಣೆಯಲ್ಲಿ ಇದ್ದತ್‌ಗೆ ಕುಳಿತಿರುತ್ತಾಳೆ.

ದೇಶದ ಕಾನೂನಿನ ಕಡೆಗೂ ನೋಡಬೇಕು. ಬ್ರಿಟಿಷರ ಕಾಲದಲ್ಲಿ ಪಂಜಾಬ್ ಮುಂತಾದೆಡೆ ನ್ಯಾಯಾಲಯಗಳು ಸ್ಥಳೀಯ ರೂಢಿಯನ್ನು ಎತ್ತಿಹಿಡಿದು ಮುಸ್ಲಿಂ ಹೆಣ್ಣುಮಕ್ಕಳನ್ನು ಉತ್ತರಾಧಿಕಾರದಿಂದ ಹೊರಗಿಡುತ್ತಿದ್ದವು. ಇದರ ವಿರುದ್ಧ ಉಲಮಾಗಳೂ ಮಹಿಳಾ ಸಂಘಟನೆಗಳೂ ಧ್ವನಿಯೆತ್ತಿದ ಫಲವಾಗಿ 1937ರಲ್ಲಿ ಶರೀಅತ್ ಅನ್ವಯ ಕಾಯ್ದೆ ಬಂತು. ರೂಢಿಯ ಬದಲು ಶರೀಅತ್ ಅನ್ವಯವಾಗಬೇಕೆಂದು ಅದು ಸಾರಿತು. ಆದರೆ ಎರಡನೆಯ ಸೆಕ್ಷನ್ನಿನಲ್ಲಿಯೇ ಒಂದು ಸಣ್ಣ ಆವರಣ: ಕೃಷಿಭೂಮಿಯ ಪ್ರಶ್ನೆಗಳನ್ನು ಹೊರತುಪಡಿಸಿ. 1935ರ ಭಾರತ ಸರ್ಕಾರ ಕಾಯ್ದೆಯು ಕೃಷಿಭೂಮಿಯನ್ನು ಪ್ರಾಂತ್ಯಗಳಿಗೆ ಒಪ್ಪಿಸಿದ್ದುದರಿಂದ ಕೇಂದ್ರ ಶಾಸನಸಭೆ ಅದನ್ನು ಮುಟ್ಟುವಂತಿರಲಿಲ್ಲ ಎಂಬುದು ತಾಂತ್ರಿಕ ಕಾರಣ. ಜಮೀನ್ದಾರರಿಗೆ ಆ ಕಾರಣ ಬಹಳ ಹಿತವಾಗಿತ್ತೆಂಬುದೂ ನಿಜ. ಅಂದಿನ ಭಾರತದಲ್ಲಿ ಆಸ್ತಿಯೆಂದರೆ ಬಹುಪಾಲು ಹೊಲಗದ್ದೆಯೇ. ಹೆಣ್ಣುಮಕ್ಕಳಿಗೆ ಎಲ್ಲದರಲ್ಲೂ ಪಾಲು ದೊರೆಯಿತು, ಯಾವುದರಲ್ಲಿ ಆಸ್ತಿಯಿತ್ತೋ ಅದೊಂದನ್ನು ಬಿಟ್ಟು! ಮದ್ರಾಸು 1949ರಲ್ಲಿಯೂ ಕೇರಳ 1963ರಲ್ಲಿಯೂ ತಿದ್ದುಪಡಿ ತಂದು ಈ ಹೊರಪಡಿಕೆಯನ್ನು ತೆಗೆದವು. ಉತ್ತರ ಪ್ರದೇಶದಲ್ಲಿ ಜಮೀನಿನ ಉತ್ತರಾಧಿಕಾರವನ್ನು ಭೂಕಾಯ್ದೆಯೇ ನಿರ್ಧರಿಸುತ್ತದೆ. ಅಲ್ಲಿ ವಿವಾಹಿತ ಮಗಳ ಸ್ಥಾನ ಗಂಡುಮಕ್ಕಳ ನಂತರ ಎಷ್ಟೋ ಹಿಂದೆ. ಶರೀಅತ್ ರಕ್ಷಣೆಗಾಗಿ ನಾವು ಬೀದಿಗಿಳಿದ ಸಂದರ್ಭಗಳು ಹಲವಿವೆ. ಮಗಳ ಗದ್ದೆಗಾಗಿ ಇಳಿದ ನೆನಪಿಲ್ಲ.

ಕಾಯ್ದೆಯಲ್ಲಿ ಹಕ್ಕು ಸ್ಪಷ್ಟವಾಗಿದ್ದಾಗಲೂ ಕಚೇರಿಯ ಹಾದಿ ಬೇರೆಯೇ ಆಗಿರುತ್ತದೆ. ಇಸ್ಲಾಮೀ ಕಾನೂನಿನಲ್ಲಿ ಮರಣದ ಕ್ಷಣದಿಂದಲೇ ಪಾಲು ವಾರೀಸುದಾರರಿಗೆ ಸೇರಿದ್ದು, ಯಾರೂ ಕೊಡಬೇಕಾದ್ದಿಲ್ಲ. ಆದರೆ ಪೌತಿ ಖಾತೆಗೆ ವಂಶವೃಕ್ಷ ಬೇಕು. ಆ ವಂಶವೃಕ್ಷವನ್ನು ಬರೆಸುವವನು ಅಣ್ಣ. ಹೆಣ್ಣುಮಕ್ಕಳ ಹೆಸರೇ ಇಲ್ಲದ, ಗಂಡು ಕೊಂಬೆಗಳು ಮಾತ್ರ ಚಿಗುರಿದ ವೃಕ್ಷಗಳು ನಮ್ಮ ತಾಲೂಕು ಕಚೇರಿಗಳ ಕಡತಗಳಲ್ಲಿ ಸಾಕಷ್ಟಿವೆ. ಆಕ್ಷೇಪಣೆಗೆ ಅವಧಿಯಿರುತ್ತದೆ, ನೋಟಿಸೂ ಇರುತ್ತದೆ. ನೋಟಿಸು ಅಂಟಿಸಿದ ಗೋಡೆ ತವರಿನ ಊರಿನಲ್ಲಿದೆ, ಅವಳು ಗಂಡನ ಊರಿನಲ್ಲಿದ್ದಾಳೆ.

ಇನ್ನು ನ್ಯಾಯಾಲಯಕ್ಕೆ ಹೋದಳೆನ್ನಿ. ಕರ್ನಾಟಕದ 1958ರ ನ್ಯಾಯಾಲಯ ಶುಲ್ಕ ಕಾಯ್ದೆಯ 35ನೇ ಸೆಕ್ಷನ್ನನ್ನು ಓದಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಪಾಲಿಗಾಗಿ ದಾವೆ ಹೂಡುವವರು ಆಸ್ತಿಯಲ್ಲಿ ಜಂಟಿ ಸ್ವಾಧೀನ ಹೊಂದಿದ್ದರೆ ನಿಗದಿಯಾದ ಅಲ್ಪ ಶುಲ್ಕ ಸಾಕು. ಸ್ವಾಧೀನದಿಂದ ಹೊರದೂಡಲ್ಪಟ್ಟವರಾದರೆ ತಮ್ಮ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ ಕಟ್ಟಬೇಕು. ಒಳಗಿರುವವನಿಗೆ ಅಗ್ಗ, ಹೊರಗೆ ನಿಂತವಳಿಗೆ ದುಬಾರಿ. ಇದು ದುರುದ್ದೇಶದ ಕಾನೂನಲ್ಲ. ದಾವೆಯ ಸ್ವರೂಪಕ್ಕೆ ತಕ್ಕ ಲೆಕ್ಕಾಚಾರವೆಂದು ವಕೀಲರು ಸಮರ್ಥಿಸುತ್ತಾರೆ. ಆದರೆ ಹಕ್ಕಿಗೂ ಬಲಕ್ಕೂ ಇರುವ ದೂರವನ್ನು ರೂಪಾಯಿಗಳಲ್ಲಿ ಅಳೆದು ತೋರಿಸಿದ ಕಾನೂನು ಇದಕ್ಕಿಂತ ಬೇರೆ ನಮಗೆ ಕಂಡಿಲ್ಲ. ಸಹವಾರೀಸುದಾರನೊಬ್ಬನು ಆಸ್ತಿಯನ್ನು ಅನುಭವಿಸುತ್ತಿದ್ದಾನೆಂಬ ಮಾತ್ರಕ್ಕೆ ಇತರರ ಹಕ್ಕು ಅಳಿಯದು. ಆದರೆ ಅವನು “ನಿನಗೆ ಪಾಲಿಲ್ಲ” ಎಂದು ಬಹಿರಂಗವಾಗಿ ನಿರಾಕರಿಸಿ, ಅವಳು ಹನ್ನೆರಡು ವರ್ಷ ಸುಮ್ಮನಿದ್ದರೆ ಬಾಗಿಲು ಮುಚ್ಚುತ್ತದೆ. ತವರಿನ ನೆಂಟಸ್ತನ ಕೆಡದಿರಲೆಂದು ಸುಮ್ಮನಿರುವವರಿಗೆ ಹನ್ನೆರಡು ವರ್ಷಗಳು ಬೇಗ ಕಳೆಯುತ್ತವೆ.

ಹಾಗಾದರೆ ಹಕ್ಕು ಬಲವಾಗುವುದು ಹೇಗೆ? ಅದಕ್ಕೆ ನಮ್ಮದೇ ರಾಜ್ಯದಲ್ಲಿ ಒಂದು ದೊಡ್ಡ ಉದಾಹರಣೆಯಿದೆ. 1961ರ ಭೂಸುಧಾರಣಾ ಕಾಯ್ದೆ ಗೇಣಿದಾರರಿಗೆ ರಕ್ಷಣೆ ಕೊಟ್ಟಿತ್ತು. ಕಾಗದದಲ್ಲಿ ಕೊಟ್ಟಿತ್ತು. ಧಣಿಯ ಎದುರು ನಿಂತು ಸಾಕ್ಷಿ ಹೇಳುವ ಗೇಣಿದಾರನಾಗಲಿ, ಸಿವಿಲ್ ಕೋರ್ಟಿನ ಖರ್ಚು ಹೊರುವ ಗೇಣಿದಾರನಾಗಲಿ ಅಪರೂಪ. ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಬದಲಾದದ್ದು ಹಕ್ಕಿಗಿಂತ ಹೆಚ್ಚಾಗಿ ಅದನ್ನು ಪಡೆಯುವ ದಾರಿ. ಗೇಣಿಭೂಮಿ ಸರ್ಕಾರದಲ್ಲಿ ನಿಹಿತವಾಯಿತು. ಆದ್ದರಿಂದ ಗೇಣಿದಾರ ಧಣಿಯಿಂದ ಕೇಳಬೇಕಾಗಲಿಲ್ಲ, ಸರ್ಕಾರದಿಂದ ಕೇಳಿದರಾಯಿತು. ಏಳನೇ ನಮೂನೆಯ ಒಂದು ಅರ್ಜಿ ಸಾಕಾಯಿತು. ತಾಲೂಕಿನಲ್ಲೇ ನ್ಯಾಯಮಂಡಳಿ, ಅದರಲ್ಲಿ ಅಧಿಕಾರಿಯ ಜೊತೆ ಸಾರ್ವಜನಿಕರಿಂದ ನೇಮಿಸಲ್ಪಟ್ಟ ಸದಸ್ಯರು. ಮೊದಲಿಗೆ ಅಲ್ಲಿ ವಕೀಲರಿಗೇ ಪ್ರವೇಶವಿರಲಿಲ್ಲ. ಆ ನಿಷೇಧವನ್ನು 1987ರಲ್ಲಿ ಸುಪ್ರೀಂ ಕೋರ್ಟು ತೆಗೆದುಹಾಕಿತು. ಅಷ್ಟರಲ್ಲಿ ಬಹಳಷ್ಟು ಕೆಲಸ ಆಗಿಹೋಗಿತ್ತು. ಹಿಂದೆ ನಿಂತು ಬಲ ಕೊಡಲು ರೈತ ಸಂಘಟನೆಗಳಿದ್ದವು. ಕರಾವಳಿಯಲ್ಲಿ ಹೀಗೆ ಭೂಮಿ ಪಡೆದ ಗೇಣಿ ಕುಟುಂಬಗಳಲ್ಲಿ ಮುಸ್ಲಿಮರೂ ಇದ್ದಾರೆ. ‘ಡಿಕ್ಲರೇಶನ್ನಿನಲ್ಲಿ ಬಂದ ಜಾಗ’ ಎಂದು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಧಣಿಯ ಎದುರು ಗೆದ್ದ ಆ ಜಾಗವನ್ನು ಮುಂದಿನ ತಲೆಮಾರಿನಲ್ಲಿ ಗಂಡುಮಕ್ಕಳಷ್ಟೇ ಹಂಚಿಕೊಂಡ ಮನೆಗಳೂ ಅವರ ನಡುವೆಯೇ ಇವೆ.

ರಾಜಕೀಯವಾಗಿ ನಾವು ಈ ಪಾಠವನ್ನು ಬೇರೆ ಕಡೆಯಿಂದ ಕಲಿತಿದ್ದೇವೆ. ಸಂವಿಧಾನದ 14, 15, 16, 25, 30ನೇ ವಿಧಿಗಳು ನಮ್ಮ ಭಾಷಣಕಾರರಿಗೆ ಬಾಯಿಪಾಠ. 2006ರಲ್ಲಿ ಸಾಚಾರ್ ಸಮಿತಿ ಸಲ್ಲಿಸಿದ ವರದಿಯು ಜನಸಂಖ್ಯೆಯಲ್ಲಿ ಶೇ. 13.4ರಷ್ಟಿದ್ದ ಮುಸ್ಲಿಮರು ಐಎಎಸ್‌ನಲ್ಲಿ ಶೇ. 3, ಐಪಿಎಸ್‌ನಲ್ಲಿ ಶೇ. 4 ಮಾತ್ರ ಇರುವುದನ್ನು ತೋರಿಸಿತು. ಸಮಾನ ಅವಕಾಶದ ಹಕ್ಕು ಒಂದು ಅಕ್ಷರವೂ ಕಡಿಮೆಯಾಗದೆ ಇದ್ದ ಅದೇ ದೇಶದಲ್ಲಿ. 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರ್ಕಾರ ಚುನಾವಣೆಯ ಹೊಸ್ತಿಲಲ್ಲಿ ಪ್ರವರ್ಗ 2ಬಿಯ ಶೇ. 4ರ ಮೀಸಲಾತಿಯನ್ನು ಒಂದೇ ಆದೇಶದಿಂದ ರದ್ದುಪಡಿಸಿದಾಗ, ಸುಪ್ರೀಂ ಕೋರ್ಟಿನ ಮುಂದೆ ಅದನ್ನು ತಡೆಹಿಡಿಯಬೇಕಾಯಿತು. ಅದೇ ವರ್ಷ ವಿಧಾನಸಭೆಗೆ 224ರಲ್ಲಿ ಆಯ್ಕೆಯಾದ ಮುಸ್ಲಿಮರು ಒಂಬತ್ತು ಮಂದಿ. 2022ರಲ್ಲಿ ಶಿರವಸ್ತ್ರದ ವಿಚಾರದಲ್ಲಿ ಕಾಲೇಜು ಗೇಟಿನ ಹೊರಗೆ ನಿಂತ ಹುಡುಗಿಯರ ಕೈಯಲ್ಲಿ ಇದ್ದದ್ದೂ 25ನೇ ವಿಧಿಯೇ. ಆ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡುವ ಹೊತ್ತಿಗೆ ಒಂದು ಪರೀಕ್ಷೆಯ ಕಾಲ ಕಳೆದುಹೋಗಿತ್ತು. ಹತ್ತಿರದಲ್ಲಿ ಬೇರೆ ಕಾಲೇಜಿದ್ದು, ಶುಲ್ಕ ಕಟ್ಟುವ ಶಕ್ತಿಯುಳ್ಳ ತಂದೆಯಿದ್ದವರು ವರ್ಗಾವಣೆ ಪತ್ರ ಪಡೆದು ಅಲ್ಲಿಗೆ ಹೋದರು. ಉಳಿದವರು ಮನೆಗೆ ಹೋದರು. ಹಕ್ಕು ಇಬ್ಬರಿಗೂ ಒಂದೇ ಆಗಿತ್ತು.

ಆದ್ದರಿಂದ ‘ಕಾನೂನಿನಲ್ಲಿ ನಿಮಗೆ ಎಲ್ಲ ಹಕ್ಕುಗಳಿವೆಯಲ್ಲ, ಇನ್ನೇನು ದೂರು?’ ಎಂದು ಯಾರಾದರೂ ಕೇಳಿದಾಗ ನಮಗೆ ಸಿಟ್ಟು ಬರುತ್ತದೆ. ಬರಬೇಕಾದದ್ದೇ. ಆದರೆ ಅದೇ ಮಾತನ್ನು ನಾವು ನಮ್ಮ ಸೋದರಿಗೆ ಹೇಳುತ್ತಿಲ್ಲವೇ? ‘ಇಸ್ಲಾಮ್ ನಿನಗೆ ಎಲ್ಲ ಹಕ್ಕುಗಳನ್ನೂ ಕೊಟ್ಟಿದೆಯಲ್ಲ!’

ಈ ಬಿರುಕು ಹೊರಗಿನವರಿಗೂ ಕಾಣುತ್ತಿದೆ. ಉತ್ತರಾಖಂಡದಲ್ಲಿ 2025ರ ಜನವರಿಯಲ್ಲಿ ಜಾರಿಗೆ ಬಂದ ಸಮಾನ ನಾಗರಿಕ ಸಂಹಿತೆಯ ಸಮರ್ಥಕರು ಮುಂದಿಟ್ಟದ್ದು ಮುಸ್ಲಿಂ ಮಗಳ ಪಾಲನ್ನೇ. 2025ರ ವಕ್ಫ್ ತಿದ್ದುಪಡಿ ಕಾಯ್ದೆಯನ್ನು ಈ ದೇಶದ ಮುಸ್ಲಿಂ ಸಂಘಟನೆಗಳು ಸಕಾರಣವಾಗಿಯೇ ವಿರೋಧಿಸಿದವು. ಅದರ ಕೆಲವು ಅಂಶಗಳಿಗೆ ಆ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಮಧ್ಯಂತರ ತಡೆಯನ್ನೂ ನೀಡಿತು. ಆದರೆ ಅದೇ ಕಾಯ್ದೆಯಲ್ಲಿ, ಕುಟುಂಬ ವಕ್ಫ್ ಮಾಡುವ ಮೂಲಕ ಮಹಿಳೆಯರೂ ಸೇರಿದಂತೆ ವಾರೀಸುದಾರರ ಪಾಲನ್ನು ತಪ್ಪಿಸುವಂತಿಲ್ಲ ಎಂಬ ಸಾಲು ಇದೆ. ಅದನ್ನು ಬರೆದವರ ಉದ್ದೇಶವನ್ನು ಬೇಕಾದಷ್ಟು ಶಂಕಿಸಬಹುದು, ನಾವೂ ಶಂಕಿಸುತ್ತೇವೆ. ಮುಸ್ಲಿಂ ಮಹಿಳೆಯ ಬಗ್ಗೆ ಕಾಳಜಿ ತೋರುವ ಅದೇ ರಾಜಕಾರಣಕ್ಕೆ ಅವಳ ಮನೆಯ ಮೇಲೆ ಬುಲ್ಡೋಜರ್ ಹರಿದಾಗ ಅವಳು ನೆನಪಾಗುವುದಿಲ್ಲ. ಆದರೂ ಆ ಸಾಲು ಅಲ್ಲಿ ಕುಳಿತುಕೊಳ್ಳಲು ಜಾಗ ಬಿಟ್ಟುಕೊಟ್ಟವರು ಯಾರು?

ಜೀವನಾಂಶದ ವಿಷಯದಲ್ಲೂ ಇದನ್ನೇ ಕಂಡೆವು. 1985ರಲ್ಲಿ ಒಮ್ಮೆ, 2001ರಲ್ಲಿ ಇನ್ನೊಮ್ಮೆ, 2024ರ ಜುಲೈಯಲ್ಲಿ ಮತ್ತೊಮ್ಮೆ ಸುಪ್ರೀಂ ಕೋರ್ಟು ವಿಚ್ಛೇದಿತ ಮುಸ್ಲಿಂ ಮಹಿಳೆಯ ಹಕ್ಕನ್ನು ಸಾರಬೇಕಾಯಿತು. ಪ್ರತಿ ಬಾರಿಯೂ ಚರ್ಚೆ ನಡೆದದ್ದು ಹಕ್ಕು ಯಾವ ಕಾಯ್ದೆಯಡಿ ಎಂಬುದರ ಬಗ್ಗೆ. ಆದೇಶವಾದ ನಂತರ ಬಾಕಿ ಹಣಕ್ಕಾಗಿ ಅವಳು ಎಷ್ಟು ಬಾರಿ ನ್ಯಾಯಾಲಯದ ಮೆಟ್ಟಿಲು ಹತ್ತಿದಳು ಎಂಬುದರ ಬಗ್ಗೆ ಅಲ್ಲ.

ಬಲವಿಲ್ಲದ ಸಮುದಾಯ ನಮ್ಮದು, ನಾವೇನು ಮಾಡಲಾದೀತು ಎಂಬ ಮಾತು ಇಲ್ಲಿ ಸಲ್ಲುವುದಿಲ್ಲ. ವಿಧಾನಸೌಧದಲ್ಲಿ ನಮ್ಮ ಬಲ ಕಡಿಮೆಯಿರಬಹುದು, ಮೊಹಲ್ಲಾದಲ್ಲಿ ಕಡಿಮೆಯಿಲ್ಲ. ಮಸೀದಿಯ ವಂತಿಗೆ ಬಾಕಿಯಿದ್ದರೆ ಮಗಳ ನಿಕಾಹ್‌ಗೆ ಪತ್ರ ಕೊಡದೆ ಸತಾಯಿಸುವ ಜಮಾಅತ್‌ಗಳಿವೆ. ಕಮಿಟಿಯನ್ನು ಪ್ರಶ್ನಿಸಿದವನನ್ನು ದೂರವಿಟ್ಟ ಉದಾಹರಣೆಗಳಿವೆ. ಇಷ್ಟೆಲ್ಲ ಶಕ್ತಿಯಿರುವ ಜಮಾಅತ್, ಮೂವರು ಸೋದರಿಯರ ಪಾಲನ್ನು ನುಂಗಿದವನ ವಿಷಯದಲ್ಲಿ ಏನು ಮಾಡುತ್ತದೆ? ಬಹುತೇಕ ಕಡೆ ಅವನೇ ಕಮಿಟಿಯ ಖಜಾಂಚಿಯಾಗಿರುತ್ತಾನೆ. ಸೋದರಿ ದೂರು ಕೊಟ್ಟರೆ ಅದನ್ನು ವಿಚಾರಿಸಲು ಕೂರುವ ಹತ್ತು ಮಂದಿಯೂ ಗಂಡಸರು, ಹತ್ತು ಮಂದಿಯೂ ಅವನ ಗೆಳೆಯರು. ಮತ್ತು (ಇದನ್ನು ಹೇಳಲೇಬೇಕು) ಅವರಲ್ಲಿ ಹಲವರು ತಮ್ಮ ಮನೆಯಲ್ಲಿ ಅದನ್ನೇ ಮಾಡಿದವರು.

ಅಬೂಬಕ್ಕರ್ ಸಿದ್ದೀಕ್(ರ)ರು ಖಲೀಫರಾದ ದಿನ ಮಾಡಿದ ಭಾಷಣದಲ್ಲಿ, ದುರ್ಬಲನಾದವನ ಹಕ್ಕನ್ನು ಅವನಿಗೆ ಕೊಡಿಸುವವರೆಗೂ ಅವನೇ ತನ್ನ ಬಳಿ ಬಲಿಷ್ಠನೆಂದೂ, ಬಲಿಷ್ಠನಿಂದ ಹಕ್ಕನ್ನು ವಸೂಲು ಮಾಡುವವರೆಗೂ ಅವನೇ ದುರ್ಬಲನೆಂದೂ ಹೇಳಿದ್ದರು. ಖುತ್ಬಾಗಳಲ್ಲಿ ಇದನ್ನು ನಾವೆಲ್ಲ ಕೇಳಿದ್ದೇವೆ. ಅದನ್ನು ಮೊಹಲ್ಲಾದ ಮಟ್ಟಕ್ಕೆ ಇಳಿಸಲು ದೊಡ್ಡ ಸುಧಾರಣೆಯೇನೂ ಬೇಕಿಲ್ಲ. ಪ್ರತಿ ಜಮಾಅತ್‌ನಲ್ಲಿ ನಿಕಾಹ್ ದಾಖಲೆ ಪುಸ್ತಕವಿದೆ. ಅದರ ಪಕ್ಕದಲ್ಲಿ ವಾರೀಸು ಪುಸ್ತಕವೊಂದಿರಲಿ. ಮರಣವಾದ ತಿಂಗಳೊಳಗೆ ಖತೀಬರು ಆ ಮನೆಗೆ ಹೋಗಿ, ಪತ್ನಿ, ಹೆಣ್ಣುಮಕ್ಕಳ ಹೆಸರು ಸಮೇತ ವಾರೀಸುದಾರರ ಪಟ್ಟಿ ಮಾಡಿ, ಪಾಲಿನ ಲೆಕ್ಕವನ್ನು ಬರೆದು, ಒಂದೊಂದು ಪ್ರತಿಯನ್ನು ಪ್ರತಿಯೊಬ್ಬರ ಕೈಗೂ ಕೊಡಲಿ. ಅಂಚೆಯಲ್ಲಾದರೂ ಸರಿ, ಮೊಬೈಲಿನಲ್ಲಾದರೂ ಸರಿ. ಸಿರಾಜಿ ಓದಿದ ಆಲಿಮರಿಗೆ ಇದು ಅರ್ಧ ಗಂಟೆಯ ಕೆಲಸ. ಬಿಟ್ಟುಕೊಡುವ ಇಚ್ಛೆ ನಿಜವಾಗಿಯೂ ಇದ್ದರೆ, ಮೊದಲು ಪಾಲು ಅವಳ ಹೆಸರಿಗೆ ಬಂದು, ಒಂದು ವರ್ಷ ಅವಳ ಕೈಯಲ್ಲಿದ್ದು, ಆಮೇಲೆ ಬೇಕಾದರೆ ಅವಳು ಅಣ್ಣನಿಗೆ ದಾನ ಮಾಡಲಿ. ಎಷ್ಟು ಅಕ್ಕತಂಗಿಯರು ಆಗಲೂ ದಾನ ಮಾಡುತ್ತಾರೆಂದು ನೋಡೋಣ. ದೂರುಗಳನ್ನು ಆಲಿಸುವಾಗ ಕಲಿತ ಇಬ್ಬರು ಮಹಿಳೆಯರಾದರೂ ಅಲ್ಲಿ ಕುಳಿತಿರಲಿ.

ಇದಾವುದಕ್ಕೂ ಜಮಾಅತ್ ಒಪ್ಪದಿದ್ದರೆ ಸೋದರಿಯರು ತಿಳಿದಿರಬೇಕಾದ ಒಂದು ಸಂಗತಿಯಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಯಾವುದೇ ಮಹಿಳೆ, ಅವಳ ಆದಾಯವೆಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹಳು. ತಾಲೂಕು ನ್ಯಾಯಾಲಯದ ಆವರಣದಲ್ಲಿಯೇ ಕಾನೂನು ಸೇವಾ ಸಮಿತಿಯಿದೆ. ವಕೀಲರ ಶುಲ್ಕದ ಜೊತೆಗೆ ನ್ಯಾಯಾಲಯ ಶುಲ್ಕದ ಹೊರೆಯನ್ನೂ ಆ ನೆರವು ಹೊರುತ್ತದೆ. ಅಲ್ಲಿಗೆ ಹೋಗುವುದು ಶರೀಅತ್‌ಗೆ ವಿರುದ್ಧವೆಂದು ಯಾರಾದರೂ ಹೇಳಿದರೆ, ಅವರ ಸೋದರಿಯ ಪಾಲು ಎಲ್ಲಿದೆ ಎಂದು ಮೊದಲು ಕೇಳಿ. ಮತ್ತು ಅಣ್ಣ ಕಾರು ತಂದು ನಿಲ್ಲಿಸಿದ ಬೆಳಿಗ್ಗೆ, ಕಾಗದವನ್ನು ಮನೆಗೆ ಕೊಂಡುಹೋಗಿ ಓದಿ ನಾಳೆ ಬರುತ್ತೇನೆಂದು ಹೇಳಿ.